ಲಾಂಗ್ ಕೇಸ್

ನಾಳೆ ಬೆಳಿಗ್ಗೆ ಎಂಟೂವರೆಗೆ ಪ್ರಾಕ್ಟಿಕಲ್.
ಸೊಲ್ಲಾಪುರದ ಸಿವಿಲ್ ಆಸ್ಪತ್ರೆಯ ಮೆಟ್ಟಿಲಲ್ಲಿ
ನಾನೂ ನಸ್ರೀನೂ ಒಂದೇ ಚಾದರ ಹೊದ್ದು
ಒಬ್ಬರ ಬಾಯಿಗೆ ಒಬ್ಬರು
ರೋಗ ತುರುಕುತ್ತಿದ್ದೇವೆ.

ಕಾಮಾಲೆಯೋ, ಕಣ್ಣು ನೋಡು, ಹಗಲ ಬೆಳಕಿನಲ್ಲಿ.
ರಕ್ತ ಕಡಿಮೆಯೋ, ರೆಪ್ಪೆ ಎಳೆ. ಉಗುರು ನೋಡು,
ಚಮಚದ ಹಾಗೆ ಗುಳಿ ಬಿದ್ದಿದೆಯೇ?
ಥೈರಾಯ್ಡ್ ಇಳಿದವರ ಹುಬ್ಬಿನ ತುದಿ ಉದುರುತ್ತದೆ.
(ಇಲ್ಲಿ ಇಬ್ಬರೂ ಪರಸ್ಪರ ಹುಬ್ಬು ನೋಡಿಕೊಂಡೆವು.)
ಸಕ್ಕರೆ ಕಾಯಿಲೆಯೋ, ಪಾದ ಮರೆಯಬೇಡ.
ಪಾದ ಮರೆತ ನಮ್ಮ ಸೀನಿಯರ್ ಒಬ್ಬ
ಇನ್ನೂ ಫೈನಲ್‌ನಲ್ಲೇ ಇದ್ದಾನೆ.

"ಸಾಕು, ಹದಿನಾಲ್ಕಕ್ಕೆ ಹೋಗೋಣ ಬಾ" ಎಂದಳು.

ಹದಿನಾಲ್ಕನೇ ಮಂಚ ಅಂದರೆ ಧರೆಪ್ಪ ಬಿರಾಜದಾರ,
ಊರು ಮೈಂದರ್ಗಿ, ಐವತ್ತೆರಡು, ಯಂತ್ರಮಗ್ಗ.
ಹನ್ನೊಂದು ವರ್ಷದಿಂದ ಪರೀಕ್ಷೆಗೆ ಬರುವವನು.
ದಿನಕ್ಕೆ ಮುನ್ನೂರು, ಎರಡು ಹೊತ್ತು ಊಟ, ಎಸ್ಟಿ ಚಾರ್ಜು.
ಅವನ ಎದೆಯ ಮೇಲೆ ಎಷ್ಟು ಡಾಕ್ಟರರು ಪಾಸಾದರೋ
ಲೆಕ್ಕ ಅವನ ಬಳಿ ಇದೆ: ಅರವತ್ತೊಂದು.
ಫೇಲಾದವರ ಲೆಕ್ಕ ಹೇಳುವುದಿಲ್ಲ.

ಎಕ್ಸಾಮಿನರ್ ಮರಾಠಿ, ಪುಸ್ತಕ ಇಂಗ್ಲಿಷು.
ನನಗೆ ಕನ್ನಡ ಬರುತ್ತದೆಂದು ತಿಳಿದ ದಿನದಿಂದ
ಬೇರೆಯೇ ಟ್ಯೂಷನ್:

"ಯವ್ವಾ, ಮೊದಲ ಎಡಮಗ್ಗಲಿಗೆ ಹೊರಳಿಸು.
ಉಸರು ಹೊರಗ ಬಿಟ್ಟು ಹಿಡಿ ಅನ್ನು.
ಗಂಟಿ ಕಡೀದು ಹಚ್ಚು, ಒತ್ತಬ್ಯಾಡ,
ಒತ್ತಿದ್ರ ಸಪ್ಪಳ ಮಾಯ ಆಗತದ.
ಗುಡ್ಡದ ಆಚಿ ಗುಡುಗಿದಂಗ ಕೇಳತದ ನೋಡು.
ಸಣ್ಣಾಂವ ಇದ್ದಾಗ ಗಂಟಲ ಬ್ಯಾನಿ ಬಂದಿತ್ತೇನು, ಕೇಳು.
ಹೂಂ ಅಂತೀನಿ.
ಮೊಣಕಾಲ ಬಾತು, ಅದು ಇಳದು ಮುಂಗೈ ಬಾತಿತ್ತೇನು, ಕೇಳು.
ಅದಕ್ಕೂ ಹೂಂ ಅಂತೀನಿ.
ನಾಡಿ ಕೇಳಿದ್ರ, ಎಪ್ಪತ್ತಾರು, ಒಂದ ಸಮ ಅದ ಅನ್ನು."

ಬೆರಳಿಟ್ಟೆ.
ಒಂದೇ ಸಮ ಇರಲಿಲ್ಲ.
ಎರಡು ಬೇಗ, ಒಂದು ತಡ, ಇನ್ನೊಂದು ಬರಲೇ ಇಲ್ಲ,
ಆಮೇಲೆ ಒಟ್ಟಿಗೆ ನಾಲ್ಕು.
ನಸ್ರೀನ್ ಎದೆಯಲ್ಲಿ ಎಣಿಸಿದಳು, ನಾನು ಮಣಿಕಟ್ಟಿನಲ್ಲಿ.
ಅಲ್ಲಿ ನೂರಾ ಮೂವತ್ತು, ಇಲ್ಲಿ ತೊಂಬತ್ತೆಂಟು.
ನಡುವಿನ ಮೂವತ್ತೆರಡು ಎಲ್ಲಿ ಹೋದವು?
ಪುಸ್ತಕದಲ್ಲಿ ಆ ಪುಟವಿದೆ, ಹಳದಿ ಗೆರೆ ಎಳೆದಿದ್ದೇನೆ.
ಅದರ ಮುಂದಿನ ಪುಟವೂ ಇದೆ:
ಹೆಪ್ಪುಗಟ್ಟಿದ ರಕ್ತ, ವಾರೆಯಾದ ಬಾಯಿ, ಏಳದ ಬಲಗೈ.

"ಒಂದ ಸಮ ಅನ್ನು ಯವ್ವಾ. ಹನ್ನೊಂದ ವರ್ಷದಿಂದ ಅದೇ ಉತ್ತರ."

"ಕಾಕಾ, ನಿಮ್ಮ ಲಾಳಿ ತಪ್ಪಲಕತ್ತದ."

ಓಣಿಯ ಆ ತುದಿಯಲ್ಲಿ ಯಾವ ಮಗ್ಗ ಕೆಟ್ಟಿದೆಯೆಂದು
ಈ ತುದಿಯಲ್ಲಿ ಚಹಾ ಕುಡಿಯುತ್ತಾ ಹೇಳುವವನು
ತನ್ನ ಕೈಯನ್ನು ತಾನೇ ಹಿಡಿದು
ಬಹಳ ಹೊತ್ತು ಕೂತ.

"ದೀಪಾವಳಿಯಿಂದ ಮಾಳಗಿ ಹತ್ತಾಕ ಆಗವಲ್ದು.
ಬಲೂನ ಹಾಕಸು ಅಂದಿದ್ರು ಹಿಂದಕ.
ಹಾಕಿಸಿದ್ರ ಸಪ್ಪಳ ಹೋಗತದ.
ಸಪ್ಪಳ ಹೋದ ಮ್ಯಾಲ ನನ್ನ ಯಾರು ಕರೀತಾರ?"

ಇದು ಯಾವ ಅಧ್ಯಾಯದಲ್ಲೂ ಇರಲಿಲ್ಲ.
ಬಡಿತ ಇಳಿಸುವ ಗುಳಿಗೆ, ರಕ್ತ ತೆಳುವಾಗಿಸುವ ಗುಳಿಗೆ,
ಆಮೇಲೆ ಬಲೂನು ಎಂದು
ಕಲಿತದ್ದನ್ನು ಕಲಿತ ಹಾಗೇ ಒಪ್ಪಿಸಿದೆ,
ಅವನೇ ಮಾರ್ಕು ಕೊಡುವವನೆಂಬಂತೆ.

ನಸ್ರೀನ್ ರೆಸಿಡೆಂಟನ್ನು ಎಬ್ಬಿಸಲು ಓಡಿದಳು.
ಇಸಿಜಿಯ ಕಾಗದ ನೆಲದವರೆಗೆ ಇಳಿಯಿತು.
ರಾತ್ರಿ ಒಂದಕ್ಕೆ ಅವನನ್ನು ಐಸಿಯುಗೆ ತಳ್ಳಿಕೊಂಡು ಹೋದರು.
ನನ್ನ ಮುಖ ನೋಡಲಿಲ್ಲ.
"ಆರುನೂರು ಹೋತು" ಎಂದ, ಗೋಡೆಗೆ.

ಬೆಳಿಗ್ಗೆ ನನಗೆ ಬಿದ್ದದ್ದು ಆರನೇ ಮಂಚ, ಹೊಟ್ಟೆಯಲ್ಲಿ ನೀರು.
ಕಣ್ಣು ನೋಡಿದೆ. ಪಾದ ಮರೆಯಲಿಲ್ಲ.
ಒಂದು ಒಳ್ಳೆಯ ಕೇಸು ಕೈತಪ್ಪಿತೆಂದು
ಎಕ್ಸಾಮಿನರ್ ಮರಾಠಿಯಲ್ಲಿ ಗೊಣಗುತ್ತಿದ್ದರು.

ಮುಗಿಸಿ ಬಂದು ಐಸಿಯುವಿನ ಗಾಜಿಗೆ ಹಣೆ ಒತ್ತಿದರೆ
ವೈರುಗಳ ನಡುವೆ ಧರೆಪ್ಪ,
ಯಾರೂ ಹೇಳದೆಯೇ
ಎಡಮಗ್ಗಲಿಗೆ ಹೊರಳಿ,
ಉಸಿರು ಹೊರಗೆ ಬಿಟ್ಟು,
ಹಿಡಿದು.