ಐಸ್ ಪ್ಲಾಂಟಿನ ಸ್ವೆಟರು

ಡಿಸೆಂಬರ್ ಇಪ್ಪತ್ನಾಲ್ಕು, ರಾತ್ರಿ ಹತ್ತು ಗಂಟೆ.
ಬಜಾಲಿನ ಸೆಕೆಗೆ ಮೇಣದಬತ್ತಿ
ಹಚ್ಚುವ ಮೊದಲೇ ಬಾಗಿದೆ.
ಇಗರ್ಜಿಯ ಅಂಗಳದಲ್ಲಿ ಸ್ವೆಟರು ಸ್ಪರ್ಧೆ.
ಗುರ್ಕಾರರು ಮೈಕಿನಲ್ಲಿ ಹೇಳುತ್ತಿದ್ದಾರೆ:
'ದಯವಿಟ್ಟು ಫಲಿತಾಂಶದ ತನಕ ಯಾರೂ ಬಿಚ್ಚಬಾರದು.'

ಬೆವರಬಾರದು ಎಂದಿರಲಿಲ್ಲ.
ಬೆವರಿದೆವು.
ಸೆವ್ರಿನ್ ಬಾಯಿಯ ಹೆಗಲ ಮೇಲಿನ ಹತ್ತಿಯ ಹಿಮ
ಒದ್ದೆಯಾಗಿ, ಉಂಡೆಯಾಗಿ, ಮೆಟ್ಟಿಲಿಗೆ ಬಿತ್ತು.
ಕೊಯರ್‌ನ ಹುಡುಗರು ಕ್ಯಾರಲ್ ಪುಸ್ತಕದಲ್ಲಿ
ಒಬ್ಬರಿಗೊಬ್ಬರು ಗಾಳಿ ಹಾಕಿಕೊಂಡರು.
ಊಟಿಯಿಂದ ಬಂದ ಹಸಿರು, ದುಬೈ ಮಾಲಿನ ಕೆಂಪು,
ಒಂದಕ್ಕಂತೂ ಬ್ಯಾಟರಿ:
ಗುಂಡಿ ಒತ್ತಿದರೆ ಎದೆಯಲ್ಲಿ ದೀಪ.

ನನ್ನದು ಅಪ್ಪನದು.
ದಕ್ಕೆಯ ಐಸ್ ಪ್ಲಾಂಟಿನ ಬೂದು ಸ್ವೆಟರು,
ಮೊಣಕೈಗೆ ಎರಡು ಸಲ ತೇಪೆ ಕಂಡದ್ದು.
ನಮ್ಮ ವಾಡೆಯಲ್ಲಿ ಸ್ವೆಟರು
ಹೊಟ್ಟೆಪಾಡಿಗೆ ಬೇಕಾದ ಮನುಷ್ಯ ಒಬ್ಬನೇ, ಲಿಗೋರಿ ಪಿರೇರ.
ಮೇ ತಿಂಗಳಲ್ಲೂ ಅದನ್ನು ತೊಟ್ಟು ಹೊರಟವನನ್ನು
ಸ್ಟೇಟ್‌ಬ್ಯಾಂಕ್ ಬಸ್ಸಿನ ಕಂಡಕ್ಟರು
ಜ್ವರವಾ ಎಂದು ಕೇಳುತ್ತಿದ್ದ.
ಹೌದು ಎನ್ನುತ್ತಿದ್ದ ಅಪ್ಪ. ಸೀಟು ಸಿಗುತ್ತಿತ್ತು.

ಕೇಳದೆ ತೆಗೆದಿದ್ದೆ.
ಎರಡು ರಾತ್ರಿ ಕೂತು ಹಿಮಸಾರಂಗ ಹೊಲಿದಿದ್ದೆ:
ಕೊಂಬಿಗೆ ಅಮ್ಮನ ಸಾಡೊದ ಜರಿ,
ಮೂಗಿಗೆ ತುಂಡಾದ ಜಪಸರದ ಒಂದು ಕೆಂಪು ಮಣಿ.
ಮೂರು ಸಲ ಒಗೆದಿದ್ದೆ. ಆದರೂ
ಬಲಿಪೂಜೆಯ ಧೂಪದ ನಡುವೆ
ಅಮೋನಿಯ, ಬಂಗುಡೆ.
ಮುಂದಿನ ಬೆಂಚಿನ ಮಗು ತಿರುಗಿ ತಿರುಗಿ ನೋಡಿತು.

ಬಹುಮಾನ ಬ್ಯಾಟರಿಗೆ ಹೋಯಿತು.

ಮನೆಗೆ ಬಂದು ಕುಸ್ವಾರಿನ ತಟ್ಟೆಯಿಂದ
ಒಂದು ಗುಳಿಯೊ ಬಾಯಿಗಿಡುವಷ್ಟರಲ್ಲಿ
ಹೊರಗೆ ಹಸನಬ್ಬನ ಟೆಂಪೋದ ಹಾರ್ನು. ಮೂರು ಗಂಟೆ.
ಬೋಟಿಗೆ ಕ್ರಿಸ್ಮಸ್ ಇಲ್ಲ, ಮೀನಿಗೆ ಮೊದಲೇ ಇಲ್ಲ.
'ಕೊಡು' ಎಂದ ಅಪ್ಪ.
'ತಡೆಯಪ್ಪ, ಹೊಲಿಗೆ ಬಿಚ್ಚಿ ಕೊಡ್ತೇನೆ.'
ಟ್ಯೂಬ್‌ಲೈಟಿಗೆ ಹಿಡಿದು ನೋಡಿದ,
ಮೀನು ಕೊಳ್ಳುವವರು ಕಿವಿರು ಎತ್ತಿ ನೋಡುವ ಹಾಗೆ.
'ಇರಲಿ. ಎದೆಗೆ ಇನ್ನೊಂದು ಪದರ ಆಯಿತಲ್ಲ.'

ಆಮೇಲಿನದು ಹಸನಬ್ಬ ಹೇಳಿದ್ದು:
ಗಡ್ಡೆಗಳ ಬಿಳಿ ಹೊಗೆಯಲ್ಲಿ ಅಪ್ಪ ಕೊಕ್ಕೆ ಹಿಡಿದು ನಿಂತಾಗ
ಬೋಟಿನಿಂದ ತಂಡೇಲ ದೂಮಣ್ಣ ಕೂಗಿದನಂತೆ,
'ಏನದು ಮಾರಾಯ, ಆಡೋ ಕಡವೆಯೋ?'
ಅಪ್ಪನಿಗೂ ಗೊತ್ತಿರಲಿಲ್ಲ.
'ಚಳಿ ದೇಶದ್ದು' ಎಂದನಂತೆ,
'ಇಲ್ಲಿಗೆ ಡ್ಯೂಟಿಗೆ ಬಂದಿದೆ.'

ಡ್ಯೂಟಿ ಮಾಡಿತು.
ಜನವರಿಯಲ್ಲಿ ಒಂದು ಕಾಲು ಕೊಕ್ಕೆಗೆ ಸಿಕ್ಕಿತು.
ತಪಸ್ಸುಕಾಲಕ್ಕೆ ಕೊಂಬಿನ ಜರಿ ಕಪ್ಪಾಯಿತು.
ಪಾಸ್ಕ ಮುಗಿಯುವಾಗ ಹೊಟ್ಟೆಯ ಉಣ್ಣೆ ಉದುರಿ
ಯಾವುದೋ ಬೂತಾಯಿ ಬುಟ್ಟಿಯ ಜೊತೆ ಹೋಯಿತು,
ಕಾಸರಗೋಡಿಗೋ, ಕೋಲಾರಕ್ಕೋ.
ಜೂನಿನಲ್ಲಿ ಬೋಟುಗಳು ದಡ ಸೇರಿ
ಸ್ವೆಟರು ರಜೆಗೆಂದು ಮನೆಗೆ ಬಂದಾಗ
ಉಳಿದದ್ದು ಒಂದು ಕಣ್ಣು, ಮತ್ತೆ ಆ ಮಣಿ.
ಬ್ಯಾಟರಿಯ ಸ್ವೆಟರು ಅಷ್ಟು ಹೊತ್ತಿಗೆ ಎಲ್ಲೋ
ನುಸಿಗುಳಿಗೆಯ ಪಕ್ಕ ಮಡಚಿ ಮಲಗಿತ್ತು.

ಈ ಸಲವೂ ಸ್ಪರ್ಧೆ ಇದೆ.
ನಾನು ಸೇರುವುದಿಲ್ಲ ಎಂದು ಊಟಕ್ಕೆ ಕೂತಾಗ ಹೇಳಿದ್ದೆ.
ಅಪ್ಪ ಸಾರು ಬಡಿಸಿಕೊಂಡ, ಮಾತಾಡಲಿಲ್ಲ.
ಬೆಳಿಗ್ಗೆ ನೋಡಿದರೆ ತಂತಿಯ ಮೇಲೆ
ಒಗೆದ ಸ್ವೆಟರು ತೊಟ್ಟಿಕ್ಕುತ್ತಿದೆ,
ಮೂಗು ಪೂರ್ವಕ್ಕೆ.
ಕೆಳಗೆ ಒಗೆಯುವ ಕಲ್ಲಿನ ಮೇಲೆ, ಕಾಗದದಲ್ಲಿ ಸುತ್ತಿದ
ಹೊಸ ಜರಿಯ ಉಂಡೆ.
ಅದಕ್ಕೆ ಒಂದು ಮೀನಿನ ಹುರುಪೆ ಅಂಟಿತ್ತು.