ಹಗ್ಗದ ಕಾಲಂ

ನೀರಾ ಕಾಲುವೆ ದಂಡೆಯಿಂದ ಲಗಮವ್ವನ ಫೋನು,
ಮಧ್ಯಾಹ್ನ ಮೂರು ನಲವತ್ತಕ್ಕೆ.
ಪುಣೆಯ ಶಿವಾಜಿನಗರದ ಈ ಮೂರನೇ ಮಹಡಿಯಲ್ಲಿ
ಕನ್ನಡ ಬಲ್ಲವಳು ನಾನೊಬ್ಬಳೇ.
ರಾಯಬಾಗ, ಅಥಣಿಯಿಂದ ಗಡಿ ದಾಟಿದ ಕುರಿಯೆಲ್ಲ
ಮೊದಲು ನನ್ನ ಕಿವಿಗೆ ಬರುತ್ತವೆ.

"ಬಾವೀ ಹಗ್ಗ ಬಿಚ್ಚ್ಯಾರ ನೋಡವ್ವ,
ನಿನ್ನೆ ಇತ್ತು, ಇವತ್ತಿಲ್ಲ.
ಚಾದ ಅಂಗಡಿಯಾಂವ ರೊಕ್ಕ ಮೊದಲ ಇಡು ಅಂದ."
"ಮತ್ತೆ?"
"ಮತ್ತೇನಿಲ್ಲ. ನಾಯಿ ಕೂಳ ಮುಟ್ಟವಲ್ದು."
ಅವಳ ಮಾತಿನ ಹಿಂದೆ ಒಂದು ಮರಿ ಕೂಗುತ್ತಿತ್ತು,
ಮಡಿಲಲ್ಲೇ ಇದ್ದಿರಬೇಕು, ಅಷ್ಟು ಹತ್ತಿರ.

ನನ್ನ ಪರದೆಯ ಮೇಲೆ ಹದಿನೇಳು ಕಾಲಂ.
ಕುರಿ ಎಷ್ಟು, ನೀರು ಎಷ್ಟು ದೂರ,
ಬೆಳೆ ಯಾವ ಹಂತ, ಹಿಂದೆ ಬಡಿದಾಟ ಆಗಿತ್ತೇ.
ಹಗ್ಗಕ್ಕೆ ಕಾಲಂ ಇಲ್ಲ.
'ಇತರೆ'ಯಲ್ಲಿ ತುರುಕಿದೆ: ಬಾವಿಗೆ ಹಗ್ಗವಿಲ್ಲ, ನಾಯಿ ಉಣ್ಣುತ್ತಿಲ್ಲ.
ಯಂತ್ರ ತುಸು ಯೋಚಿಸಿ
ಆ ಊರಿಗೆ ಹಳದಿ ಬಳಿಯಿತು.

ಹಳದಿ ಅಂದರೆ ಎಚ್ಚರ, ನಮ್ಮ ಕೈಪಿಡಿಯಲ್ಲಿ.
ಅಲ್ಲಿಂದ ಒಂದು ತಾಸಿನ ದಾರಿ, ಜೇಜುರಿಯ ಮೆಟ್ಟಿಲ ಮೇಲೆ
ಹಳದಿ ಅಂದರೆ ಭಂಡಾರ.
ಇವರಿಗೆ ಮೈಲಾರ, ಅವರಿಗೆ ಖಂಡೋಬಾ,
ಹಣೆ ಎರಡು, ಪುಡಿ ಒಂದೇ.
ಅದಕ್ಕೂ ಕಾಲಂ ಇಲ್ಲ.

ಹೋದ ವರ್ಷ ಇಂದಾಪುರದ ಕಡೆ ಇಂಥದೇ ಒಂದು ಹಳದಿ
ಸಂಜೆಗೆ ಕೆಂಪಾಗಿ ಪೊಲೀಸ್ ಪಾಟೀಲನಿಗೆ ಹೋಯಿತು,
ಅವನಿಂದ ಅವನ ಭಾವನಿಗೆ,
ಭಾವನಿಂದ ಊರಿನ ನಾನೂರು ಫೋನಿಗೆ.
ಜಗಳದ ನೆನಪೇ ಇಲ್ಲದ ಊರು
ಎದ್ದು ಬಡಿಗೆ ಹುಡುಕಿತು.
ಏಳು ಕುರಿ, ಒಂದು ಮೊಣಕೈ.
ವರದಿಯಲ್ಲಿ ಬರೆದೆವು: ಮುನ್ಸೂಚನೆ ನಿಖರವಾಗಿತ್ತು.

ಅದಕ್ಕೇ ಈ ಸಲ ಕೈ ತಡೆಯಿತು.
ಕೆಂಪು ಒತ್ತುವ ಮೊದಲು ಸೋಪಾನ ಕೋಕರೆಗೆ ಫೋನು ಹಚ್ಚಿದೆ.
ಧನಗರ, ಕುರಿ ಮಾರಿ ಹಿಟ್ಟಿನ ಗಿರಣಿ ಇಟ್ಟವನು.
ಮರಾಠಿಯಲ್ಲಿ ಹಗ್ಗದ ಸುದ್ದಿ ಹೇಳಿದೆ.
ನಕ್ಕ. "ತಾಯಿ, ಹಗ್ಗ ಬಿಚ್ಚಿದವರು ಇನ್ನೂ ಮಾತಾಡುವವರು.
ಬಾವಿಗೆ ಮುಳ್ಳು ಹಾಕಿದರೆ ಹೇಳು, ಆಗ ಹೆದರೋಣ."
ಅಂದವನು ಗಿರಣಿ ನಿಲ್ಲಿಸಿ ಹೋದ.

ಏನು ಮಾತಾಡಿದರೋ ಗೊತ್ತಿಲ್ಲ.
ರಾತ್ರಿ ಈರುಳ್ಳಿ ಕಿತ್ತ ಹೊಲದಲ್ಲಿ ಕುರಿ ತರುಬಿದರಂತೆ,
ಗೊಬ್ಬರಕ್ಕೆಂದು ಎರಡು ಪಾಯಲಿ ಜೋಳ ಕೊಟ್ಟರಂತೆ.
ಹಗ್ಗ ಮಾತ್ರ ಇನ್ನೂ ಕಟ್ಟಿಲ್ಲವಂತೆ.
ನಮ್ಮ ಎಚ್ಚರಿಕೆಯ ಸಂದೇಶ
ಲಗಮವ್ವನಿಗೆ ತಲುಪಿದ್ದು ಮರುದಿನ ಹತ್ತಕ್ಕೆ,
ಕನ್ನಡ ಅಕ್ಷರವೆಲ್ಲ ಚೌಕ ಚೌಕ.
"ಇದೇನ್ ಕಳಿಸೀಯವ್ವ, ಪಗಡಿ ಹಾಸೇನು?"

ತಿಂಗಳ ಕೊನೆಗೆ ಲೆಕ್ಕ ಕೊಡಬೇಕು.
ಕಟ್ಟಕಡೆಯ ಸಾಲು: ತಡೆದ ಘರ್ಷಣೆಗಳು, ಅಂಕಿಯಲ್ಲಿ.
ಆಗದೇ ಹೋದದ್ದನ್ನು ಯಾವ ಬೆರಳಲ್ಲಿ ಎಣಿಸಲಿ?
ಮುರಿಯದ ಮೊಣಕೈ ಈ ಜಿಲ್ಲೆಯಲ್ಲಿ ಎಷ್ಟಿವೆಯೋ.
ಒಂದು ಅಂತ ಬರೆದೆ, ಅಳಿಸಿದೆ.
ಗಿರಣಿ ನಿಂತ ಎರಡು ತಾಸಿನ ನಷ್ಟ
ಯಾವ ಬಾಬ್ತಿಗೆ ಹಾಕಲಿ ಎಂದು ಕೇಳಿದೆ.
ಸಾಹೇಬರು ಕಿಟಕಿ ನೋಡಿದರು.

ಈಗ ನಾಲ್ಕು ದಿನ, ಲಗಮವ್ವನ ಫೋನಿಲ್ಲ.
ನಕ್ಷೆಯಲ್ಲಿ ಊರು ತಾನಾಗಿ ಹಸಿರಾಗಿದೆ;
ಕರೆ ಬರದಿದ್ದರೆ ಶಾಂತಿ ಎಂದು
ನಾವೇ ಅದಕ್ಕೆ ಕಲಿಸಿದ್ದೇವೆ.
ನನಗೆ ಗೊತ್ತಿರುವುದು ಇಷ್ಟೇ:
ಅವಳ ಫೋನಿಗೆ ಚಾರ್ಜು ಆಗುವುದು
ಆ ಬಾವಿಯ ಯಜಮಾನನ ಪಡಸಾಲೆಯಲ್ಲಿ,
ಅವನು ಒಳಗೆ ಬಾ ಅಂದರೆ.