ಗೋಡಿ ಮ್ಯಾಲಿನ ಲೆಕ್ಕ

ಶಹಾಬಾದ ಫರ್ಸಿ ಗೋಡಿ ಮ್ಯಾಲ
ಮಗಳು ಸೀಮೆಸುಣ್ಣಲೆ ಬರದಾಳ:
ಆರು ಹ್ಯಾಟಿ, ಮೂವತ್ತು ದಿನ,
ನೂರಾ ಎಂಬತ್ತು ತತ್ತಿ.
ಕೆಳಗ ಎರಡು ಗೆರಿ, ಉತ್ತರ ಅಂತ.

ಕೋಳಿಗೆ ಯಾರು ಕಲಿಸ್ಯಾರ ಗುಣಾಕಾರ?

ಬಾಜೂ ಮನಿ ಹುಸೇನಬಿ ಬಾಗಿಲಿಗೆ ಒರಗಿ ನಕ್ಕಳು.
"ಜವಾರಿ ಅವ, ತಂಗಿ. ಹದಿನೈದು ಇಟ್ಟು
ಕಾವಿಗೆ ಕೂಡತಾವ,
ಎಬ್ಬಿಸಾಕ ಹೋದ್ರ ಕೈ ಕುಕ್ಕತಾವ.
ಪುಕ್ಕ ಉದುರೋ ತಿಂಗಳು ಒಂದೂ ಇಲ್ಲ.
ನಮ್ಮ ಬ್ಯಾಸಗಿ ಗೊತ್ತಲ್ಲ,
ಬಾಯಿ ತೆರದು ತೇಕತಾವ, ಅಷ್ಟ.
ಮುಂಗಸಿ ಪಾಲು ಬ್ಯಾರೆ.
ವರ್ಷಕ್ಕ ಒಂದೊಂದು ಅರವತ್ತು ಇಟ್ರ
ದಸ್ತಗೀರಗ ಸಕ್ಕರಿ ಓದಸು.
ಮತ್ತ ಆ ಕರೇದು, ಜುಟ್ಟು ನೋಡು,
ಅದು ಹುಂಜ."

ಮಗಳು ಆರು ಒರಸಿ ಐದು ಬರದಳು.
ಉತ್ತರ ಮಾತ್ರ ಒರಸಲಿಲ್ಲ.

ಐದು ತಿಂಗಳು ಜ್ವಾಳದ ನುಚ್ಚು ಚೆಲ್ಲಿದೆ,
ಬರೇ ಹಿಕ್ಕಿ ಬಳದೆ.

ಇವತ್ತ ನಸುಕಿನ್ಯಾಗ
ತೊಗರಿ ಕಟಗಿ ಸಂದ್ಯಾಗ
ನಿಂಬಿಕಾಯಿಯಷ್ಟ ಒಂದು.
ಮ್ಯಾಲ ನೆತ್ತರದ ಎಳಿ.
ಲಗೂನ ಯಾರನ್ನೂ ಎಬ್ಬಿಸಲಿಲ್ಲ,
ಹಿಡಕೊಂಡು ಕುಂತೆ;
ಬಿಸಿ ತತ್ತಿದೋ ಅಂಗೈದೋ
ತಿಳೀಲಿಲ್ಲ ಒಂದಿಷ್ಟು ಹೊತ್ತು.

ಸಾಲಿಗೆ ಹೋಗೋ ಮುಂದ
ಗೋಡಿ ಮ್ಯಾಲ ಅಕಿ ಬರದಳು: ಒಂದು.
ಕೆಳಗ ಗೆರಿ ಎಳೀಲಿಲ್ಲ.